ಹಿಂದಿನ ಸಾಲಿನ ಎಡತುದಿಯವರು

ಮೊದಲು ನಾನು ಆ ಮನುಷ್ಯನನ್ನು ದಡ್ಡ ಎಂದುಕೊಂಡೆ. ಸಾಮಾನ್ಯ ದಡ್ಡ ಅಲ್ಲ, ಮೂವತ್ತು ಚಿಲ್ಲರೆ ವರ್ಷ ಒಂದೇ ಕಾಲೇಜಿನಲ್ಲಿ ಬೇರು ಬಿಟ್ಟು ಕೂತ ದಡ್ಡ.

ಮುಚ್ಚಿಹೋದ ಶ್ರೀ ವಾಗ್ವಿಲಾಸ ಸಂಸ್ಕೃತ ಕಾಲೇಜಿನ ಹಳೆಯ ಫೋಟೋ, ಆಮಂತ್ರಣ ಪತ್ರಿಕೆ, ಕ್ಯಾಸೆಟ್ಟು, ಹಸ್ತಪ್ರತಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಏರಿಸುವ ಕೆಲಸ ನನ್ನದು. ಕಾಲೇಜು ಇದ್ದದ್ದು ವಂಡ್ಸೆ ದಾಟಿ ಕೊಲ್ಲೂರಿಗೆ ಹೋಗುವ ರಸ್ತೆಯಲ್ಲಿ. ವೇದ, ವ್ಯಾಕರಣ, ಜ್ಯೋತಿಷ್ಯ ಕಲಿಸುತ್ತಿದ್ದರು. ಕಲಿಯುವವರು ಕಡಿಮೆಯಾಗುತ್ತ ಬಂದು, ಕೊನೆಗೆ ಕಲಿಸುವವರೇ ಹೆಚ್ಚಾಗಿ, ಒಂದು ದಿನ ಬೀಗ ಬಿತ್ತು. ಹತ್ತು ವರ್ಷದ ಮೇಲೆ ಹಳೆ ವಿದ್ಯಾರ್ಥಿಗಳಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ ಒಂದು ಸಮಿತಿ ಮಾಡಿಕೊಂಡರು. ಸಮಿತಿ ಎಂದ ಮೇಲೆ ಅದಕ್ಕೊಬ್ಬ ಕಾರ್ಯದರ್ಶಿ ಬೇಕಲ್ಲ, ಮುಂಬಯಿಯ ಬ್ಯಾಂಕಿನಿಂದ ನಿವೃತ್ತರಾಗಿ ಬಂದ ಪ್ರೇಮಾನಂದ ಆದರು. ದುಡಿಯುವುದಕ್ಕೊಬ್ಬರು ಬೇಕಲ್ಲ, ಬ್ರಹ್ಮಾವರದಿಂದ ದಿನಾ ಸ್ಕೂಟರಿನಲ್ಲಿ ಬರುವ, ಲೈಬ್ರರಿ ಸೈನ್ಸ್ ಓದಿದ ಅಕ್ಷಿತಾ ಆದಳು. ಅಕ್ಷಿತಾ ಎಂದರೆ ನಾನು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲಿ ಹೇಳುತ್ತಾರೆ. ಸಮಿತಿಗಳ ಜೊತೆ ಕೆಲಸ ಮಾಡದವರು ಹಾಗೆ ಹೇಳುವುದು ಸುಲಭ.

ಕುಂದಾಪುರದ ಒಂದು ಜವಳಿ ಅಂಗಡಿಯ ಮಹಡಿಯ ಕೋಣೆಯಲ್ಲಿ ನನ್ನ ಸ್ಕ್ಯಾನರು. ಪ್ರತಿವರ್ಷ ಕಾಲೇಜಿನ ಅಂಗಳದಲ್ಲಿ ತೆಗೆದ ಗ್ರೂಪ್ ಫೋಟೋಗಳು ರಟ್ಟಿಗೆ ಅಂಟಿಸಿಕೊಂಡು ಬಂದವು. ಕೆಳಗೆ ಸಾಲುಸಾಲಾಗಿ ಹೆಸರುಗಳು. ನಮ್ಮ ಸಾಫ್ಟ್‌ವೇರಿಗೆ ಒಂದು ಚಂದದ ಬುದ್ಧಿ ಇದೆ. ಫೋಟೋಗಳನ್ನು ಕೊಟ್ಟರೆ ಹೋಲುವ ಮುಖಗಳನ್ನೆಲ್ಲ ಹುಡುಕಿ ಒಂದೇ ಕಡೆ ಗುಡ್ಡೆ ಹಾಕುತ್ತದೆ. ಅತಿ ದೊಡ್ಡ ಗುಡ್ಡೆ ಪ್ರಿನ್ಸಿಪಾಲ್ ಹೆಬ್ಬಾರರದ್ದು, ಸರಿ. ಎರಡನೆಯದು ಯಾರದ್ದು? ಹಿಂದಿನ ಸಾಲಿನ ಎಡತುದಿಯಲ್ಲಿ ಶಾಲು ಹೊದ್ದು ನಿಂತ ಒಬ್ಬ ಹುಡುಗನದ್ದು. ಹುಡುಗ ಎಂದೆನಲ್ಲ, ಮೊದಲ ಫೋಟೋದಲ್ಲಿ ಮಾತ್ರ. ಆಮೇಲೆ ಮೀಸೆ ಬಂತು, ಹೊಟ್ಟೆ ಬಂತು, ಕೂದಲು ಹೋಯಿತು. ಸುತ್ತ ನಿಂತವರಿಗೆ ಯಾವ ವರ್ಷ ನೋಡಿದರೂ ಹದಿನೆಂಟು, ಇವನಿಗೊಬ್ಬನಿಗೇ ವಯಸ್ಸಾಗುತ್ತಿತ್ತು.

ಅದಕ್ಕಿಂತ ಮಜವೆಂದರೆ, ಒಂದು ವರ್ಷ ಇರುತ್ತಾನೆ, ಮರುವರ್ಷ ಮಾಯ. ಆಮೇಲೆ ಎರಡು ವರ್ಷ ಒಟ್ಟಿಗೆ ಇರುತ್ತಾನೆ, ಮತ್ತೆ ಮಾಯ. ಫೇಲಾಗಿ ಬಿಟ್ಟುಹೋಗುತ್ತಾನೆ, ತಡೆಯಲಾರದೆ ವಾಪಸ್ ಬರುತ್ತಾನೆ ಎಂದು ನಾನು ಲೆಕ್ಕ ಹಾಕಿದೆ. ಪಾಪ, ಇಂಥ ವಿದ್ಯಾದಾಹ! ಹೆಸರು ನೋಡೋಣವೆಂದರೆ ಪ್ರತಿ ರಟ್ಟಿನಲ್ಲೂ ಪಕ್ಕದವರವರೆಗೆ ಹೆಸರಿದೆ, ಇವನ ಜಾಗದಲ್ಲಿ ಏನೂ ಇಲ್ಲ.

ಸಮಿತಿಯ ಇನ್ನೊಬ್ಬ ಸದಸ್ಯರು ರಾಜೀವ ಭಟ್ಟರು, ಕುಂಭಾಶಿಯ ಪುರೋಹಿತರು, ನಗಲು ನೆಪ ಕಾಯುವವರು. ಅವರು ಬಂದಾಗ ಪರದೆ ತಿರುಗಿಸಿ ತೋರಿಸಿದೆ. ಭಟ್ಟರು ಕನ್ನಡಕ ಏರಿಸಿದರು, ಇಳಿಸಿದರು, ಆಮೇಲೆ ಮೇಜು ಬಡಿದು ನಗಲು ಶುರು ಮಾಡಿದರು.

"ಅಯ್ಯೋ ಹೆಣೆ, ಇದ್ ನಮ್ ಶೀನಣ್ಣ ಅಲ್ದಾ! ಗೇಟಿನ ಎದುರ್ ಹೋಟ್ಲಿನ ಶೀನ ಶೆಟ್ರ್! ಇವ್ರ್ ಕಾಲೇಜಿಗೆ ಯಾವಾಗ ಸೇರ್ದ್ರ್ ಮಾರ್ರೆ?"

"ನೀವೇ ಹೇಳಿ ಭಟ್ರೆ, ನಿಮ್ಮ ಬ್ಯಾಚಿನ ಫೋಟೋದಲ್ಲೂ ಇದ್ದಾರೆ."

ಭಟ್ಟರು ನಗು ನಿಲ್ಲಿಸಿ ನೋಡಿದರು. ನಿಜವಾಗಿಯೂ ಇದ್ದರು, ಭಟ್ಟರಿಗೆ ಅದು ಮರೆತೇ ಹೋಗಿತ್ತು. ನಲವತ್ತು ವರ್ಷ ಆ ಫೋಟೋ ಅವರ ಮನೆಯ ಗೋಡೆಯ ಮೇಲಿತ್ತು, ಅವರು ಇಷ್ಟು ದಿನವೂ ಅದರಲ್ಲಿ ತಮ್ಮ ಮುಖವೊಂದನ್ನೇ ನೋಡಿದ್ದರು.

ಮಾರನೆಯ ದಿನ ಸ್ಕೂಟರು ಕೊಲ್ಲೂರು ರಸ್ತೆ ಹಿಡಿಯಿತು. ಕಾಲೇಜಿನ ಗೇಟಿಗೆ ತುಕ್ಕು ಹಿಡಿದ ಬೀಗ. ಎದುರಿಗೆ ಶೀನಣ್ಣನ ಹೋಟೆಲು ಮಾತ್ರ ಗಿಜಿಗಿಜಿ. ಕೊಲ್ಲೂರಿಗೆ ಹೋಗುವವರ ಕಾರುಗಳು ಸಾಲಾಗಿ ನಿಂತಿದ್ದವು. ಗಲ್ಲಾದಲ್ಲಿ ಕೂತ ಮಗ ಸುಜಿತ್, "ಅಪ್ಪಯ್ಯ ಒಳ್ಗ್ ಇದ್ರ್" ಎಂದು ಹಿಂದೆ ಕೈ ತೋರಿಸಿದ. ಹಿತ್ತಲ ಜಗಲಿಯಲ್ಲಿ ಬನಿಯನ್ನು ಹಾಕಿಕೊಂಡು ತೆಂಗಿನಕಾಯಿ ಸುಲಿಯುತ್ತಿದ್ದವರು ತಲೆಯೆತ್ತಿದರು. ಅದೇ ಮುಖ! ಸಿನಿಮಾ ನಟನನ್ನು ಕಂಡಷ್ಟು ಖುಷಿಯಾಯಿತು ನನಗೆ. ಲ್ಯಾಪ್‌ಟಾಪು ತೆರೆದು ತೋರಿಸಿದೆ.

"ಹೌದ್ ಹೆಣೆ, ಅದ್ ನಾನೇ" ಎಂದರು ಶೀನಣ್ಣ, ಏನೂ ಆಗದವರ ಹಾಗೆ.

"ನೀವ್ ಅಲ್ಲ್ ಓದ್ತಿದ್ರ್ಯಾ?"

"ಇಲ್ಲೆಪ. ನಾನ್ ಕಾಲೇಜಿಗ್ ಹೋಯ್ಲಿಲ್ಲೆ. ಕಾಲೇಜೇ ನನ್ ಹೋಟ್ಲಿಗ್ ಬತ್ತಿತ್. ಸಂಸ್ಕೃತ ಒಂದಕ್ಷರ ಬತ್ತಿಲ್ಲೆ ನಂಗೆ."

"ಮತ್ತೆ ಇದೆಂತ?"

ಒಳಗಿಂದ ಒಂದು ನಗು ಕೇಳಿತು. ಚಾ ಹಿಡಿದುಕೊಂಡು ಬಂದದ್ದು ಅವರ ಹೆಂಡತಿ ಕುಸುಮಾವತಿ. "ಹೇಳಿ, ಹೇಳಿ. ಸಮ ಬೆಸದ ಕತಿ ಹೇಳಿ ಅವ್ಳಿಗೆ" ಎಂದು ಅಲ್ಲೇ ಗೋಡೆಗೆ ಒರಗಿ ನಿಂತರು, ನೂರು ಸಲ ನೋಡಿದ ಯಕ್ಷಗಾನದ ಹಾಸ್ಯದ ಭಾಗಕ್ಕೆ ಕಾಯುವವರ ಹಾಗೆ.

ಕತೆ ಹೀಗಿತ್ತು. ಪ್ರಿನ್ಸಿಪಾಲ್ ಹೆಬ್ಬಾರರಿಗೆ ಸಮಸಂಖ್ಯೆ ಎಂದರೆ ಆಗುತ್ತಿರಲಿಲ್ಲ. ದಕ್ಷಿಣೆಗೆ ನೂರರ ಮೇಲೆ ಒಂದು ಇಡುವುದು ಎಲ್ಲರೂ ಮಾಡುವುದೇ. ಹೆಬ್ಬಾರರು ಅದನ್ನು ಮನುಷ್ಯರಿಗೂ ಹಚ್ಚಿದ್ದರು. ಗುಂಪಾಗಿ ಫೋಟೋಕ್ಕೆ ನಿಂತರೆ ತಲೆಗಳು ಬೆಸ ಬರಲೇಬೇಕು. ಶೀನಣ್ಣನಿಗೆ ಇಪ್ಪತ್ತು ತುಂಬದ ಕಾಲದಲ್ಲಿ ಒಂದು ಬೆಳಿಗ್ಗೆ ಫೋಟೋದವರಿಗೆ ಚಾ ಕೊಡಲು ಒಳಗೆ ಹೋಗಿದ್ದರಂತೆ. ಹೆಬ್ಬಾರರು ಬೆರಳು ಮಾಡಿ ಎಣಿಸಿದರು, ಸಮ ಬಂತು. ಮತ್ತೆ ಎಣಿಸಿದರು, ಮತ್ತೂ ಸಮ. ಸುತ್ತ ನೋಡಿದರು. ಕೆಟಲು ಹಿಡಿದು ನಿಂತ ಹೋಟೆಲಿನ ಹುಡುಗನೊಬ್ಬ ಬಿಟ್ಟರೆ ಬೇರೆ ಯಾರೂ ಇಲ್ಲ.

"ಹ್ವಾಯ್ ಶೀನ, ಕೆಟ್ಲ್ ಕೆಳ್ಗಿಡ್. ಅಲ್ಲ್ ಹೋಯಿ ಹಿಂದೆ ನಿಲ್ಲ್. ಹಲ್ಲ್ ಕಿರೀಬೇಡ ಅಂದ್ರ್" ಎಂದು ಶೀನಣ್ಣ ಹೆಬ್ಬಾರರ ದಪ್ಪ ಸ್ವರ ತೆಗೆದು ಹೇಳಿದರು. "ಬರೀ ಮೈಯಗ್ ಇದ್ದೆ ನಾನ್. ವಾಚ್‌ಮನ್ನಿನ ಶಾಲ್ ತಕಂಡ್ ಹೊದ್ಕಂಡೆ. ಮಾರ್ನೇ ವರ್ಷಕ್ಕೆ ಬೇಕಾತ್ತ್ ಅಂತ ಸ್ವಂತ ಶಾಲ್ ತಕಂಡೆ. ಆ ವರ್ಷ ಬೆಸ ಬಂತ್ ಕಾಣ್! ಶಾಲ್ ಹಾಂಗೇ ಮಡ್ಚಿಟ್ಟೆ."

ಅಲ್ಲಿಂದ ಮುಂದೆ ಪ್ರತಿವರ್ಷ ಅದೇ ಪರದಾಟ. ಫೋಟೋದ ದಿನ ಶೀನಣ್ಣ ಮಿಂದು, ಶಾಲಿಗೆ ಇಸ್ತ್ರಿ ಹಾಕಿ, ಬಜೆ ಕರಿಯುತ್ತ ಒಂದು ಕಣ್ಣು ಗೇಟಿನ ಮೇಲಿಟ್ಟು ಕಾಯುವುದು. ಒಳಗೆ ಹೆಬ್ಬಾರರು ಎಣಿಸುವುದು. ಸಮ ಬಂದರೆ ಗೇಟಿನಿಂದ ಒಬ್ಬ ಹುಡುಗ "ಹ್ವಾಯ್ ಶೀನಣ್ಣಾ" ಎಂದು ಕೂಗುವುದು, ಇವರು ಬಾಣಲೆ ಬಿಟ್ಟು ಓಡುವುದು. ಎಷ್ಟೋ ಬಜೆ ಕರಕಲಾಗಿದೆಯಂತೆ. ಬೆಸ ಬಂದರೆ ಯಾರೂ ಬರುವುದಿಲ್ಲ, ಬಜೆ ಸರಿಯಾಗಿ ಬೇಯುತ್ತದೆ, ಇಡೀ ದಿನ ಶೀನಣ್ಣನ ಮೋರೆ ಮಾತ್ರ ಬಾಡಿರುತ್ತದೆ.

"ಒಂದ್ಸಲ ಕೇಂಡೆ ಹೆಬ್ಬಾರ್ರ ಹತ್ರ, ಎಂತಕೆ ಅಂತ. ಸಮ ಆರೆ ಸರೀ ಎರ್ಡ್ ಪಾಲ್ ಆತ್ತ್ ಮಾರಾಯ, ಒಡ್ದ್ ಹೋತ್ತ್ ಅಂದ್ರ್. ಬೆಸ ಆರೆ ಒಬ್ಬ ಉಳಿತ. ಆ ಉಳ್ದವ ಎಲ್ಲರ್ನೂ ಹಿಡ್ಕಂತ ಅಂಬ್ರ್."

"ಉಳ್ದವ್ರ್ ಇವ್ರ್" ಎಂದರು ಕುಸುಮಕ್ಕ. "ನನ್ ಕತಿ ಕೇಣ್ ಹೆಣೆ. ಈ ಫೋಟ ಕಂಡೇ ನನ್ನ ಕೊಟ್ಟದ್ದ್. ನಾವುಂದದ ನಮ್ ಮನಿಗೆ ದಲ್ಲಾಳಿ ತಂದದ್ದ್ ಇದನ್ನೇ. ಕಾಣಿ, ಶಾಲ್ ಹೊದ್ದ್ ನಿಂತಿದ್ರ್, ಸುತ್ತ ಎಲ್ಲ ಭಟ್ರ್ ಮಕ್ಳ್. ಅಪ್ಪಯ್ಯ ಊರೆಲ್ಲ ಹೇಳ್ಕಂಡ್ ಬಂದ್ರ್, ಮಗ್ಳಿಗೆ ಕಾಲೇಜ್ ಗಂಡ್ ಸಿಕ್ಕಿತ್ ಅಂತ. ಮದಿ ಆಯಿ ಬಂದ್ ಕಂಡ್ರೆ ಕಾಲೇಜ್ ಆಚಿ ಬದಿ, ಗಂಡ್ ಈಚಿ ಬದಿ!"

"ನಾನ್ ಸುಳ್ಳ್ ಹೇಳ್ಲಿಲ್ಲೆ. ಯಾರೂ ಕೇಣ್ಲಿಲ್ಲೆ" ಎಂದರು ಶೀನಣ್ಣ ಗಂಭೀರವಾಗಿ. ಇಬ್ಬರೂ ಒಟ್ಟಿಗೆ ನಕ್ಕರು. ನನಗೂ ಚಾ ನೆತ್ತಿಗೇರಿತು.

ನಗು ಮುಗಿದ ಮೇಲೆ ಶೀನಣ್ಣ ಲ್ಯಾಪ್‌ಟಾಪಿನ ಹತ್ತಿರ ಬಗ್ಗಿದರು. ಫೋಟೋದ ಕೆಳಗಿನ ಹೆಸರುಗಳ ಮೇಲೆ ಬೆರಳಿಟ್ಟು ಓದುತ್ತ ಹೋಗಿ ತುದಿಯಲ್ಲಿ ನಿಂತರು.

"ಎಲ್ಲರ ಹೆಸ್ರೂ ಇತ್ತ್ ಕಾಣ್. ನನ್ನ ಹತ್ರ ಬಪ್ಪತಿಗೆ ಬಿಟ್ಟಿದ್ರ್. ಯಾವ ವರ್ಷ ಕಂಡ್ರೂ ಹಾಂಗೇ. ನಾ ಯಾರ್ ಹತ್ರವೂ ಕೇಣ್ಲಿಲ್ಲೆ, ಕೇಂಡ್ರೆ ನಗಾಡ್ತ್ರ್. ಒಂದ್ ಫೋಟದಗಾರೂ ಹೆಸ್ರ್ ಬಂದಿದ್ರೆ ಸಾಕಿತ್ತ್."

ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ. "ಹಾಕ್ತೆ ಶೀನಣ್ಣ. ಎಲ್ಲ ಫೋಟಕ್ಕೂ ಹಾಕ್ತೆ" ಎಂದುಬಿಟ್ಟೆ. ಶೀನಣ್ಣ ಎದ್ದು ಹೋಗಿ ಒಂದು ತಟ್ಟೆ ಬಿಸಿ ಗೋಳಿಬಜೆ ತಂದು ನನ್ನ ಮುಂದಿಟ್ಟು, ತಿಂದು ಮುಗಿಸುವವರೆಗೂ ಎದುರಿಗೆ ಕೂತಿದ್ದರು.

ಕಾರ್ಯದರ್ಶಿ ಪ್ರೇಮಾನಂದರಿಗೆ ಈ ಕತೆ ಹೇಳಿದರೆ ನಗುತ್ತಾರೆಂದು ನಾನು ನಂಬಿದ್ದೆ. ಅವರು ನಗಲಿಲ್ಲ. ಅವರದ್ದು ಬ್ಯಾಂಕಿನ ಕನ್ನಡ, ಸುತ್ತೋಲೆಯ ಹಾಗೆ ಮಾತಾಡುತ್ತಾರೆ.

"ಅಕ್ಷಿತಾ, ಇದು ಕಾಲೇಜಿನ ಇತಿಹಾಸ. ದೇಶ ವಿದೇಶದವರು ನೋಡುತ್ತಾರೆ. ಚಾ ಅಂಗಡಿಯವರನ್ನು ವಿದ್ಯಾರ್ಥಿ ಎಂದು ತೋರಿಸುವುದಕ್ಕೆ ಬರುವುದಿಲ್ಲ."

"ವಿದ್ಯಾರ್ಥಿ ಅಂತ ಹಾಕುವುದಿಲ್ಲ ಸರ್. ಹೆಸರು ಹಾಕುತ್ತೇನೆ, ಅಷ್ಟೇ."

"ಹೆಸರು ಹಾಕಿದರೆ ಯಾರೆಂದು ಕೇಳುತ್ತಾರೆ. ಯಾರೆಂದು ಹೇಳಿದರೆ ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ನಮ್ಮ ಪ್ರಿನ್ಸಿಪಾಲರ ಮರ್ಯಾದೆ ಏನಾಗುತ್ತದೆ? ಈಗೆಲ್ಲ ಅಳಿಸಬಹುದಂತಲ್ಲ ಕಂಪ್ಯೂಟರಿನಲ್ಲಿ. ಅಳಿಸಿಬಿಡಿ."

ಅಳಿಸುವುದೇ? ನನಗೆ ಮೈಯೆಲ್ಲ ಉರಿಯಿತು. ಇದ್ದದ್ದನ್ನು ಇದ್ದ ಹಾಗೆ ಉಳಿಸುವುದು ನನ್ನ ಕೆಲಸ, ಒಬ್ಬ ಮನುಷ್ಯನನ್ನು ಒರಸಿ ಹಾಕುವುದಲ್ಲ ಎಂದು ಜವಳಿ ಅಂಗಡಿಯ ಗಿರಾಕಿಗಳು ಮೇಲೆ ನೋಡುವಷ್ಟು ಜೋರಾಗಿ ಹೇಳಿದೆ. ಪ್ರೇಮಾನಂದರು ನೊಂದುಕೊಳ್ಳಲಿಲ್ಲ. ಹಾಗಾದರೆ ಪ್ರಖ್ಯಾತನಿಂದ ಮಾಡಿಸುತ್ತೇನೆ ಎಂದರು. ಪ್ರಖ್ಯಾತ್ ಕುಂದಾಪುರದ ಸ್ಟುಡಿಯೋದವನು. ಈ ಫೋಟೋಗಳಲ್ಲಿ ಹೆಚ್ಚಿನವು ಅವನ ಅಪ್ಪ ತೆಗೆದದ್ದು. ಅವನಿಗೆ ಹೊಸ ಸಾಫ್ಟ್‌ವೇರು ಬಂದಿತ್ತು, ಯಾರನ್ನಾದರೂ ಅಳಿಸಲು ಕೈ ತುರಿಸುತ್ತಿತ್ತು.

ಭಾನುವಾರ ಸಮಿತಿ ಸೇರಿತು. ಪ್ರೇಮಾನಂದರ ಬ್ಯಾಚಿನ ಫೋಟೋದಿಂದಲೇ ಶುರುವಾಗಲಿ ಎಂದಾಯಿತು. ಪ್ರಖ್ಯಾತ್ ಎರಡು ಸಲ ಕ್ಲಿಕ್ ಮಾಡಿದ. ಶೀನಣ್ಣ ಮಾಯ. ಅವರ ಜಾಗದಲ್ಲಿ ಯಾರೂ ಕಂಡರಿಯದ, ಬೆಳ್ಳಗಿನ, ನುಣ್ಣನೆಯ ಒಬ್ಬ ಗಂಡಸು ಬಂದು ನಿಂತಿದ್ದ.

"ಇವರ ಅಡ್ಮಿಷನ್ ಯಾವಾಗ ಆಯಿತು ಸರ್?" ಎಂದೆ.

"ಕಂಪ್ಯೂಟರ್ ತಾನೇ ಮಾಡಿದ್ದು, ಒಂದ್ ನಿಮಿಷ" ಎಂದು ಪ್ರಖ್ಯಾತ್ ಬೆವರೊರಸಿಕೊಂಡು ಮತ್ತೆ ಕ್ಲಿಕ್ ಮಾಡಿದ. ಬಿಳಿಯ ಮಹಾಶಯ ಹೋದ. ಅಲ್ಲಿ ಗೋಡೆಗೆ ಒಂದು ಕಿಟಕಿ ಬಂತು. ಕಿಟಕಿಯೇನೋ ಚೆನ್ನಾಗಿಯೇ ಇತ್ತು. ಆದರೆ ಆ ಕಾಲದಲ್ಲಿ ಶೀನಣ್ಣ ಪಕ್ಕದಲ್ಲಿ ನಿಂತಿದ್ದ ಹುಡುಗ ಪ್ರೇಮಾನಂದನ ಹೆಗಲ ಮೇಲೆ ಕೈ ಹಾಕಿದ್ದರು. ಮನುಷ್ಯ ಅಳಿದು ಹೋಗಿ ಕೈ ಉಳಿದುಬಿಟ್ಟಿತ್ತು. ಹದಿನೆಂಟು ವರ್ಷದ ಪ್ರೇಮಾನಂದ ಹೆಗಲ ಮೇಲೊಂದು ಯಾರದ್ದೂ ಅಲ್ಲದ ಕೈ ಹೊತ್ತು ನೆಟ್ಟಗೆ ನಿಂತಿದ್ದ. ನಾನು ಬಾಯಿಗೆ ದುಪಟ್ಟಾ ತುರುಕಿಕೊಂಡೆ. ಎರಡು ಸಲ ಒರಸಿದ ಮೇಲೆ ಕೈಯೂ ಹೋಯಿತು.

"ಸರಿ ಆಯಿತಲ್ಲ" ಎಂದರು ಪ್ರೇಮಾನಂದರು.

ರಾಜೀವ ಭಟ್ಟರು ಸರಿ ಎನ್ನಲಿಲ್ಲ. ಅವರ ಬೆರಳು ಗಾಳಿಯಲ್ಲಿ ಆಡುತ್ತಿತ್ತು, ತುಟಿಯೂ ಆಡುತ್ತಿತ್ತು. ಪರದೆಯ ಮೇಲಿನ ತಲೆಗಳನ್ನು ಎಣಿಸುತ್ತಿದ್ದರು. ಎಣಿಸಿ ಮುಗಿಸಿ ಪ್ರೇಮಾನಂದರ ಮುಖ ನೋಡಿದರು. ಪ್ರೇಮಾನಂದರು ತಾವೂ ಎಣಿಸಿದರು, ಮೊದಲು ಎಡದಿಂದ, ಆಮೇಲೆ ಬಲದಿಂದ.

"ಸಮ" ಎಂದರು ಭಟ್ಟರು ಮೆಲ್ಲಗೆ.

ನಿಮಗೆ ಇದು ನಗೆಪಾಟಲು ಅನಿಸಬಹುದು, ನನಗಂತೂ ಅನಿಸಿತು. ಆದರೆ ಹೆಬ್ಬಾರರ ಕೈಕೆಳಗೆ ಐದು ವರ್ಷ ಊಟ ನಿದ್ದೆ ಪಾಠ ಮಾಡಿದವರಿಗೆ ಅದು ನಗುವ ಮಾತಲ್ಲ. ಹೆಬ್ಬಾರರು ಸತ್ತು ಎಷ್ಟೋ ವರ್ಷವಾದರೂ ಆ ಕೋಣೆಯಲ್ಲಿ ಕೋಲು ಹಿಡಿದು ನಿಂತಿದ್ದರು. ಭಟ್ಟರು ಕೆಟ್ಟದ್ದಾದರೂ ಹೇಳಿಯೇ ಬಿಟ್ಟರು: "ಕಾಲೇಜ್ ಮುಚ್ಚಿದ್ ವರ್ಷ ಫೋಟವೇ ತೆಗೀಲಿಲ್ಲೆ ಕಾಣಿ. ಬೆಸ ತಪ್ಪಿತ್, ಬೀಗ ಬಿತ್ತ್. ಈಗ ನಾವೇ ಕೈಯಾರ ಸಮ ಮಾಡಿ ಊರಿಗೆಲ್ಲ ತೋರ್ಸ್ದ್ರೆ..."

ಪ್ರೇಮಾನಂದರ ಬ್ಯಾಂಕಿನ ಕನ್ನಡ ಒಂದೇ ಏಟಿಗೆ ಬಿದ್ದುಹೋಯಿತು. "ಹ್ವಾಯ್ ಪ್ರಖ್ಯಾತ, ವಾಪಸ್ ಹಾಕ್ ಮಾರಾಯ! ಈಗ್ಲೇ ಹಾಕ್! ನಂಗೆ ಬಪ್ಪ ವಾರ ಮಣಿಪಾಲದಗೆ ಮೊಣ್ಕಾಲ್ ಆಪರೇಷನ್ ಇತ್ತ್!"

ಶೀನಣ್ಣ ವಾಪಸ್ ಬಂದರು, ಕೈಸಮೇತ. ಕುಣಿಯುವಷ್ಟು ಸಂತೋಷವಾಯಿತು ನನಗೆ. ಈಗ ಹೆಸರೂ ಹಾಕಿಬಿಡುತ್ತೇನೆ ಎಂದೆ. ಅಷ್ಟರಲ್ಲಿ ಪ್ರೇಮಾನಂದರು ಸುಧಾರಿಸಿಕೊಂಡಿದ್ದರು. ಮುಖ ಇರಲಿ, ಹಳೆಯ ಫೋಟೋಗಳಲ್ಲಿ ರಟ್ಟಿನ ಮೇಲೆ ಏನಿದೆಯೋ ಅದೇ ಹೆಸರು, ಒಂದಕ್ಷರ ಹೆಚ್ಚಿಲ್ಲ ಎಂದು ಠರಾವು ಬರೆಸಿದರು. ವೆಬ್‌ಸೈಟಿನ ಉದ್ಘಾಟನೆಯ ದಿನ ಕಾಲೇಜಿನ ಅಂಗಳದಲ್ಲಿ ಹಳೆ ವಿದ್ಯಾರ್ಥಿಗಳ ಒಂದು ಹೊಸ ಫೋಟೋ ತೆಗೆಯುವುದಿತ್ತು. ಅದರಲ್ಲಿ ನಿಂತವರ ಹೆಸರೆಲ್ಲ ನಾನೇ ಕೇಳಿ ಬರೆಯಬೇಕು. ಒಬ್ಬರನ್ನೂ ಬಿಡಕೂಡದು ಎಂದೂ ಅದೇ ಠರಾವಿನಲ್ಲಿತ್ತು.

ಕೊಟ್ಟ ಮಾತು ಮುರಿದೆನೆಂದು ಹೇಳಲು ಹೋದವಳಿಗೆ ಶೀನಣ್ಣನೇ ಸಮಾಧಾನ ಹೇಳಿದರು. ಅಳಿಸಲು ಹೋದದ್ದು, ಕೈ ಉಳಿದದ್ದು ಕೇಳಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಸ್ವಲ್ಪ ತಗ್ಗಿದ ಸ್ವರದಲ್ಲಿ ಕೇಳಿದರು:

"ಹೊಸ ಫೋಟಕ್ಕೆ ನಿಂತವ್ರ್ ಹೆಸ್ರ್ ಎಲ್ಲ ಬತ್ತಾ?"

"ಬತ್ತ್ ಶೀನಣ್ಣ."

"ಸಮ ಬಂದ್ರೆ ಕರಿತ್ರಲ್ದಾ?"

"ಸಮ ಬಂದ್ರೆ ಕರೀದೆ ಎಂತ ಮಾಡ್ತ್ರ್!"

ಆ ವಾರ ಪೂರ್ತಿ ನನಗೆ ಬೇರೆ ಯೋಚನೆ ಇರಲಿಲ್ಲ. ಬರುತ್ತೇನೆ ಎಂದವರು ಎಷ್ಟು, ಬರುವುದಿಲ್ಲ ಎಂದವರು ಎಷ್ಟು ಎಂದು ಫೋನು ಬಂದಾಗಲೆಲ್ಲ ಎಣಿಸುವುದು. ಸಮ ಆದರೆ ಖುಷಿ, ಬೆಸ ಆದರೆ ಊಟ ಸೇರುವುದಿಲ್ಲ. ಇಷ್ಟು ಓದಿದವಳು ನಾನೇ ಹೆಬ್ಬಾರರ ಶಿಷ್ಯೆಯಾಗಿಬಿಟ್ಟಿದ್ದೆ.

ಉದ್ಘಾಟನೆಯ ದಿನ ಗೇಟಿನ ಬೀಗ ಒಡೆದೇ ತೆಗೆಯಬೇಕಾಯಿತು. ಅಂಗಳದ ಹುಲ್ಲು ಸವರಿ ಬೆಂಚು ಹಾಕಿದ್ದರು. ಹಳೆ ವಿದ್ಯಾರ್ಥಿಗಳು ಕಾರುಗಳಿಂದ ಇಳಿದು ಒಬ್ಬರನ್ನೊಬ್ಬರು ಹಳೆಯ ಅಡ್ಡಹೆಸರಿನಿಂದ ಕೂಗುತ್ತ, ಬೆನ್ನಿಗೆ ಗುದ್ದುತ್ತ, ಎದ್ದು ಬಿದ್ದು ನಗುತ್ತಿದ್ದರು. ಪ್ರೇಮಾನಂದರು ಆಪರೇಷನ್ ಮುಂದೆ ಹಾಕಿಸಿಕೊಂಡು ಕೋಲೂರಿಕೊಂಡು ಬಂದಿದ್ದರು. ಮಾವಿನಮರದ ಬುಡದಲ್ಲಿ ಶೀನಣ್ಣ. ಬಿಳಿ ಪಂಚೆ, ಹೆಗಲ ಮೇಲೆ ಇಸ್ತ್ರಿ ಮುರಿಯದ ಶಾಲು. ಪಕ್ಕದಲ್ಲಿ ಒಳ್ಳೆಯ ಸೀರೆಯುಟ್ಟ ಕುಸುಮಕ್ಕ. ನಲವತ್ತು ವರ್ಷ ಎದುರಿಗೇ ಬದುಕಿದ್ದರೂ ಕುಸುಮಕ್ಕ ಆ ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲಂತೆ.

ಎಲ್ಲರೂ ಸಾಲು ನಿಂತರು. ಪ್ರಖ್ಯಾತ್ ಕ್ಯಾಮೆರಾದ ಹಿಂದಿನಿಂದ ಎಣಿಸಿದ. ಭಟ್ಟರು ಮುಂದಿನಿಂದ ಎಣಿಸಿದರು. ನಾನು ಉಸಿರು ಹಿಡಿದು ಎಣಿಸಿದೆ.

"ಬೆಸ!" ಎಂದು ಪ್ರೇಮಾನಂದರು ಚಪ್ಪಾಳೆ ತಟ್ಟಿದರು. "ಒಂದೇ ಸಲಕ್ಕೆ ಸರಿ ಬಂತು. ಹೆಬ್ಬಾರ್ರ ಆಶೀರ್ವಾದ!"

ನಾನು ಮಾವಿನಮರದ ಕಡೆ ನೋಡಿದೆ. ಶೀನಣ್ಣ ನಗುತ್ತಲೇ ಇದ್ದರು. ನಗುತ್ತಲೇ ಶಾಲನ್ನು ಹೆಗಲಿನಿಂದ ತೆಗೆದರು, ಮಡಿಕೆ ನೋಡಿ ನೋಡಿ ಮಡಚಲು ಶುರು ಮಾಡಿದರು. ಹಳೆ ವಿದ್ಯಾರ್ಥಿಗಳೂ ನೋಡಿದರು. ಆ ಶಾಲು ಯಾಕೆಂದು ಅವರಿಗೆಲ್ಲ ಗೊತ್ತಿತ್ತು. ಒಬ್ಬೊಬ್ಬರಿಗೂ ಶೀನಣ್ಣ ಸಾಲದಲ್ಲಿ ಬಜೆ ತಿನ್ನಿಸಿದವರೇ. ಆದರೂ ಬೆಸವನ್ನು ಮುರಿಯುವ ಧೈರ್ಯ ಆ ಸಾಲಿನಲ್ಲಿ ಯಾರಿಗೂ ಬರಲಿಲ್ಲ. ನಾನೇ ನುಗ್ಗೋಣವೆಂದು ಒಂದು ಹೆಜ್ಜೆ ಇಟ್ಟೆ.

ನನಗಿಂತ ಮೊದಲೇ ಕುಸುಮಕ್ಕ ಹೊರಟಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳ ದಾಟಿ ಬಂದವರೇ ಮುಂದಿನ ಸಾಲಿನಲ್ಲಿ ಪ್ರೇಮಾನಂದರ ಪಕ್ಕದ ಬೆಂಚಿನ ಮೇಲೆ ಧೊಪ್ಪನೆ ಕೂತರು.

"ಎಂತ ಕುಸುಮಕ್ಕ?" ಎಂದರು ಪ್ರೇಮಾನಂದರು, ಗಾಬರಿಯಾಗಿ.

"ನಾನೂ ಫೋಟಕ್ಕೆ ಕೂಕಂತೆ."

"ಅಲ್ಲ, ಇದು ಕಾಲೇಜಿಗೆ ಸಂಬಂಧಪಟ್ಟವರ..."

"ಸಂಬಂಧ ನಂಗಿಲ್ಲೆಯಾ? ಈ ಕಾಲೇಜಿನ ಫೋಟ ಕಂಡ್ಕಂಡೇ ನಾನ್ ಮದಿ ಆದದ್ದ್. ನೀವೆಲ್ಲ ಐದ್ ವರ್ಷ ಕೂಕಂಡ್ ಹೋಯ್ರಿ. ಈ ಕಾಲೇಜ್ ನಂಬ್ಕಂಡ್ ಒಂದ್ ಜನ್ಮ ಕಳ್ದದ್ದ್ ನಾನೇ. ತೆಗಿ ಪ್ರಖ್ಯಾತ, ತೆಗಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಖ್ಯಾತ್ ಕ್ಯಾಮೆರಾದಿಂದ ತಲೆ ಹೊರಗೆ ಹಾಕಿದ. "ಸರ್, ಈಗ ಸಮ ಆಯ್ತ್."

ಕುಸುಮಾವತಿ ಶೆಡ್ತಿಯನ್ನು ಕೂತ ಬೆಂಚಿನಿಂದ ಏಳಿಸುವ ಗಂಡು ಬೈಂದೂರಿನಿಂದ ಬ್ರಹ್ಮಾವರದವರೆಗೆ ಹುಟ್ಟಿಲ್ಲ. ಪ್ರೇಮಾನಂದರು ನನ್ನತ್ತ ನೋಡಿ, "ಅಕ್ಷಿತಾ, ನೀವು ಒಂದು ಬದಿಗೆ..." ಎಂದರು. ನಾನು ಫೋಟೋಕ್ಕೆ ನಿಲ್ಲುವುದಿಲ್ಲ ಸರ್, ನನಗೆ ಆಗಿಬರುವುದಿಲ್ಲ ಎಂದು ಹೇಳಿ ಬಾವಿಕಟ್ಟೆಯ ಹಿಂದೆ ಹೋಗಿ ನಿಂತೆ. ಪ್ರಖ್ಯಾತ್, ತಾನು ತೆಗೆಯುವವನು, ತನ್ನನ್ನು ನೋಡಬೇಡಿ ಎಂದ. ಕಾರು ಡ್ರೈವರುಗಳೆಲ್ಲ ಎದುರು ಹೋಟೆಲಿನಲ್ಲಿ ಸುಜಿತ್ ಕೊಟ್ಟ ಬನ್ಸ್ ತಿನ್ನುತ್ತಿದ್ದರು.

ಪ್ರೇಮಾನಂದರ ಕೈ ತಾನಾಗಿ ಮೊಣಕಾಲ ಮೇಲೆ ಹೋಯಿತು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ಆ ಅರವತ್ತು ದಾಟಿದ ಮನುಷ್ಯ ಕೋಲೆತ್ತಿ ಮಾವಿನಮರದ ಕಡೆ ತಿರುಗಿ, ಹಾಸ್ಟೆಲಿನ ಹುಡುಗನ ಗಂಟಲಿನಲ್ಲಿ ಕೂಗಿದರು:

"ಹ್ವಾಯ್ ಶೀನಣ್ಣಾ! ಎಂತ ಕಾಂತಾ ನಿಂತ್ರಿ? ಬನಿ, ಬನಿ! ಸಮ ಆಯ್ತ್!"

ಇಡೀ ಸಾಲು ಕೂಗಿತು. ಶೀನಣ್ಣ ಓಡಿದರು. ಎಪ್ಪತ್ತರ ಹತ್ತಿರದ ಜೀವ, ಮಡಚಿದ ಶಾಲನ್ನು ಓಡುತ್ತ ಓಡುತ್ತ ಬಿಡಿಸುತ್ತ, ಅರ್ಧ ಹೆಗಲಿಗೆ ಅರ್ಧ ತಲೆಗೆ ಹಾಕಿಕೊಂಡು ಓಡಿದರು. ಮುಂದೆ ಬನ್ನಿ, ಹೆಂಡತಿಯ ಪಕ್ಕ ಕೂರಿ ಎಂದು ಎಷ್ಟು ಹೇಳಿದರೂ ಕೇಳದೆ ಹಿಂದಿನ ಸಾಲಿನ ಎಡತುದಿಗೇ ಹೋಗಿ ನಿಂತರು. ನಗಾಡಬೇಡಿ ಎಂದು ಹೇಳುವವರು ಯಾರೂ ಇರಲಿಲ್ಲ. ಎಲ್ಲರ ಹಲ್ಲೂ ಕಾಣುವ, ಒಬ್ಬರೂ ನೆಟ್ಟಗೆ ನಿಲ್ಲದ ಒಂದು ಫೋಟೋ ಆಯಿತು. ಆ ಕಾಲೇಜಿನ ಸಂಗ್ರಹದಲ್ಲೇ ಅಷ್ಟು ಕೆಟ್ಟ ಫೋಟೋ ಇನ್ನೊಂದಿಲ್ಲ. ನನಗೆ ಅದೇ ಎಲ್ಲಕ್ಕಿಂತ ಇಷ್ಟ.

ಅಂದು ಮಧ್ಯಾಹ್ನವೇ ಹೋಟೆಲಿನ ಒಳಗಿನ ಬೆಂಚಿನಲ್ಲಿ ಕೂತು ಫೋಟೋ ಏರಿಸಿದೆ. ಆಚೆ ಶೀನಣ್ಣ, ಈಚೆ ಕುಸುಮಕ್ಕ. ಮುಂದಿನ ಸಾಲು ಮೊದಲು ಬರೆಯುವ ಕ್ರಮ, ಹಾಗಾಗಿ ಕುಸುಮಕ್ಕನ ಹೆಸರು ಮೊದಲು ಬಂತು. "ನಾ ನಿಮ್ಗಿಂತ ಮೊದ್ಲ್ ಪಾಸ್ ಕಾಣಿ" ಎಂದು ಅವರು ಗಂಡನನ್ನು ತಿವಿದರು. ಕೊನೆಗೆ ಎಡತುದಿಯ ಮುಖದ ಮೇಲೆ ಒತ್ತಿ, ಶೀನ ಶೆಟ್ಟಿ ಎಂದು ಬರೆದೆ.

ಆಗ ಪರದೆಯ ಮೇಲೆ ಒಂದು ಚಿಕ್ಕ ಪೆಟ್ಟಿಗೆ ತೆರೆದುಕೊಂಡಿತು. ಈ ವ್ಯಕ್ತಿ ಇನ್ನೂ ಹಲವು ಚಿತ್ರಗಳಲ್ಲಿದ್ದಾರೆ, ಅಲ್ಲೂ ಇದೇ ಹೆಸರು ಸೇರಿಸಬೇಕೇ ಎಂದು ಸಾಫ್ಟ್‌ವೇರು ಕೇಳುತ್ತಿತ್ತು. ರಟ್ಟಿನ ಮೇಲೆ ಇದ್ದದ್ದಕ್ಕಿಂತ ಒಂದಕ್ಷರ ಹೆಚ್ಚಿಲ್ಲ ಎಂಬ ಠರಾವು ನನಗೆ ನೆನಪಿತ್ತು. ಕೆಲಸ ಹೋದರೂ ಹೋಗಬಹುದು ಎಂಬುದೂ ಗೊತ್ತಿತ್ತು. ಸಮಿತಿಯ ಠರಾವು ಹಾಳಾಗಿ ಹೋಗಲಿ ಎಂದುಕೊಂಡು ಹೌದು ಎಂದು ಒತ್ತಿದೆ.

ಲ್ಯಾಪ್‌ಟಾಪನ್ನು ಶೀನಣ್ಣನ ಕಡೆ ತಿರುಗಿಸಿ ಹಳೆಯ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಹೋದೆ. ವಾಚ್‌ಮನ್ನಿನ ಶಾಲಿನ ಹುಡುಗ, ಕೆಳಗೆ ಶೀನ ಶೆಟ್ಟಿ. ಮೀಸೆಯವನು, ಶೀನ ಶೆಟ್ಟಿ. ಪ್ರೇಮಾನಂದರ ಹೆಗಲ ಮೇಲೆ ಕೈ ಹಾಕಿದವನು, ಶೀನ ಶೆಟ್ಟಿ. ಅವರು ಮೊದಲಿಗೆ ಪ್ರತಿಯೊಂದನ್ನೂ ಜೋರಾಗಿ ಓದಿ ನಗುತ್ತಿದ್ದರು. ಆಮೇಲೆ ನಗು ನಿಂತಿತು, ಬರೀ ತುಟಿ ಆಡಿಸುತ್ತಿದ್ದರು. ಆ ಶಾಲಿನ ತುದಿಯಿಂದಲೇ ಕಣ್ಣೊರಸಿಕೊಂಡರು.

"ಇಷ್ಟೂ ನಾನೇ ಅಲ್ದಾ?" ಎಂದರು ಹೆಂಡತಿಯ ಕಡೆ ತಿರುಗಿ.

"ನೀವಲ್ದೆ ಮತ್ಯಾರ್" ಎಂದರು ಕುಸುಮಕ್ಕ.